ಬಾತ್‌ರೂಮಿನ ಟವೆಲ್ ರೇಡಿಯೇಟರ್ ಬಿಸಿ ಕಡಿಮೆ ಮಾಡೋದು ಹೇಗೆ?

ಇಂಗ್ಲೆಂಡಿನಲ್ಲಿ ಬಾಡಿಗೆ ಮನೆ, ಗ್ಯಾಸ್ ಕಾಂಬಿ ಬಾಯ್ಲರ್ (ಟ್ಯಾಂಕ್ ಇಲ್ಲದೆ ನಲ್ಲಿಗೂ ರೇಡಿಯೇಟರ್‌ಗೂ ತಾನೇ ನೀರು ಕಾಯಿಸುವಂಥದ್ದು), ಬಾತ್‌ರೂಮಿನ ಟವೆಲ್ ರೇಡಿಯೇಟರ್ (ಟವೆಲ್ ಒಣಹಾಕುವ, ಒಳಗೆ ಬಿಸಿನೀರು ಹರಿಯುವ ಕಂಬಿಗಳ ಚೌಕಟ್ಟು) ಮಾತ್ರ ಕೈ ಇಡಲಾಗದಷ್ಟು ಸುಡುತ್ತದೆ, ತಿರುಗಿಸೋಣ ಅಂದರೆ ನಂಬರ್ ಇರುವ ಗುಂಡಿಯೇ ಇಲ್ಲ, ತಗ್ಗಿಸಿದರೆ ಬಿಲ್ ಇಳಿಯುತ್ತದಾ ಅಂತ ಕೇಳಿದ್ದೀರಿ. ಇಳಿಯುತ್ತದೆ, ಆದರೆ ತೀರಾ ಜಾಸ್ತಿ ಏನಲ್ಲ. ನಾನೂ ಇಲ್ಲೇ ಇರುವವನು, ನಮ್ಮ ಮನೆಯದೂ ಇದೇ ಥರದ್ದು.

ಮೊದಲು ಬೇರೆ ಕೋಣೆಗಳ ರೇಡಿಯೇಟರ್ ನೋಡಿ ಬನ್ನಿ. ಅವಕ್ಕೆಲ್ಲ 1ರಿಂದ 5ರವರೆಗೆ ನಂಬರ್ ಇರುವ ಥರ್ಮೋಸ್ಟಾಟ್ ವಾಲ್ವ್ ಇದ್ದು, ಬಾತ್‌ರೂಮಿನದಕ್ಕೆ ಮಾತ್ರ ಇಲ್ಲ ಅಂದರೆ, ಅದನ್ನು ಬೇಕಂತಲೇ ಹಾಗೆ ಬಿಟ್ಟಿರಬಹುದು. ಕೋಣೆ ಬೆಚ್ಚಗಾಗಿ ಉಳಿದ ವಾಲ್ವ್‌ಗಳೆಲ್ಲ ತಾವಾಗಿ ಮುಚ್ಚಿಕೊಂಡಾಗ ಪಂಪು ತಳ್ಳುವ ನೀರು ಹೋಗಲು ಒಂದು ದಾರಿ ಬೇಕಲ್ವಾ, ಅದೇ ಇದು. ಇದಕ್ಕೆ ಬೈಪಾಸ್ ಅನ್ನುತ್ತಾರೆ. ಈಗಿನ ಹೆಚ್ಚಿನ ಕಾಂಬಿ ಬಾಯ್ಲರ್‌ಗಳಲ್ಲಿ ಬೈಪಾಸ್ ಒಳಗೇ ಇರುತ್ತದೆ. ಮ್ಯಾನ್ಯುಯಲ್‌ನಲ್ಲಿ ನೋಡಿಕೊಳ್ಳಿ, ಅದರಲ್ಲಿ ಗೊತ್ತಾಗದಿದ್ದರೆ ಮನೆ ಓನರ್‌ಗೆ ಹೇಳಿ ಬಾಯ್ಲರ್ ಸರ್ವಿಸ್‌ಗೆ ಬರುವವರನ್ನೇ ಕೇಳಿಸಿ. ಅದು ಗೊತ್ತಾಗುವವರೆಗೆ ಪೂರ್ತಿ ಮುಚ್ಚಲು ಹೋಗಬೇಡಿ.

ಆ ತೊಂದರೆ ಇಲ್ಲ ಅಂತಾದರೆ ಕೆಲಸ ಸುಲಭ. ರೇಡಿಯೇಟರ್‌ನ ಕೆಳಗೆ ಎರಡು ಕಡೆ ವಾಲ್ವ್ ಇರುತ್ತವೆ. ಅದರಲ್ಲಿ ಲಾಕ್‌ಶೀಲ್ಡ್ ಅನ್ನುವುದಕ್ಕೆ ಸುಮ್ನೆ ಒಂದು ಟೊಪ್ಪಿ ಇರುತ್ತದೆ, ಎಷ್ಟು ತಿರುಗಿಸಿದರೂ ಅದೊಂದೇ ತಿರುಗುತ್ತದೆ. ಟೊಪ್ಪಿ ಎಳೆದು ತೆಗೆದರೆ (ಕೆಲವಕ್ಕೆ ಚಿಕ್ಕ ಸ್ಕ್ರೂ ಇರುತ್ತದೆ) ಒಳಗೆ ಹಿತ್ತಾಳೆಯ ಪುಟ್ಟ ಕಡ್ಡಿ, ತುದಿ ಚಪ್ಪಟೆ ಅಥವಾ ಚೌಕ. ಹೀಟಿಂಗ್ ಆಫ್ ಮಾಡಿ, ಎಲ್ಲ ತಣ್ಣಗಾದ ಮೇಲೆ ಚಿಕ್ಕ ಸ್ಪ್ಯಾನರಿನಿಂದ ಅದನ್ನು ಬಲಕ್ಕೆ ತಿರುಗಿಸುತ್ತಾ ಪೂರ್ತಿ ಮುಚ್ಚಿ. ಎಷ್ಟು ಸುತ್ತು ಅಂತ ಎಣಿಸಿ ಬರೆದಿಟ್ಟುಕೊಳ್ಳಿ, ಮನೆ ಬಿಡುವಾಗ ಮೊದಲಿನ ಹಾಗೇ ಮಾಡಿಕೊಡಬಹುದು. ಆಮೇಲೆ ಎಡಕ್ಕೆ ಕಾಲು ಸುತ್ತು ಬಿಚ್ಚಿ.

ಅಷ್ಟೇನಾ ಅನ್ನಿಸಬಹುದು. ಅಷ್ಟೇ. ಪೂರ್ತಿ ತೆರೆದಿರುವುದನ್ನು ಒಂದು ಸುತ್ತು ತಿರುಗಿಸಿ ಏನೂ ಆಗಲಿಲ್ಲ ಅನ್ನುವವರೇ ಜಾಸ್ತಿ, ಯಾಕೆಂದರೆ ನೀರು ಅರ್ಧಕ್ಕರ್ಧ ಕಡಿಮೆಯಾದರೂ ಬಿಸಿ ಅಷ್ಟೊಂದು ಇಳಿಯುವುದಿಲ್ಲ, ವ್ಯತ್ಯಾಸ ಗೊತ್ತಾಗುವುದೇ ಮುಚ್ಚುವ ಹಂತದ ಕೊನೆಯ ಅರ್ಧ ಸುತ್ತಿನಲ್ಲಿ. ಹೀಟಿಂಗ್ ಹಾಕಿ ಒಂದು ಗಂಟೆ ಬಿಟ್ಟು ಮುಟ್ಟಿ ನೋಡಿ, ಬಿಸಿ ಸಾಲದಿದ್ದರೆ ಇನ್ನು ಸ್ವಲ್ಪ ಬಿಚ್ಚಿ. ವರ್ಷಗಟ್ಟಲೆ ಮುಟ್ಟದ ವಾಲ್ವ್ ಆದರೆ ಕಡ್ಡಿಯ ಬುಡದಲ್ಲಿ ನೀರು ಜಿನುಗಬಹುದು, ಟಿಶ್ಯೂ ಸುತ್ತಿಟ್ಟು ಮಾರನೇ ದಿನ ನೋಡಿ. ಒದ್ದೆಯಾಗಿದ್ದರೆ ಅಲ್ಲಿರುವ ನಟ್ಟನ್ನು ಒಂಚೂರು ಬಿಗಿ ಮಾಡಿದರೆ ಸಾಮಾನ್ಯವಾಗಿ ನಿಲ್ಲುತ್ತದೆ.

ಇನ್ನು ದುಡ್ಡಿನ ವಿಷಯ. 400 ವ್ಯಾಟ್ ಬಿಸಿ ಕೊಡುವ ರೇಡಿಯೇಟರ್ ದಿನಕ್ಕೆ 6 ಗಂಟೆ ಕಾದರೆ 2.4 ಯೂನಿಟ್. ಗ್ಯಾಸು ಯೂನಿಟ್ಟಿಗೆ 6 ಪೆನ್ಸ್ ಅಂತ ಹಿಡಿದರೆ, ಬಾಯ್ಲರಿನಲ್ಲಿ ಹಾಳಾಗುವುದೂ ಸೇರಿ 16 ಪೆನ್ಸ್. ಪೂರ್ತಿ ಬಂದ್ ಮಾಡಿದರೂ ತಿಂಗಳಿಗೆ ಉಳಿಯುವುದು 5 ಪೌಂಡ್ ಆಸುಪಾಸು. ಅದಕ್ಕೋಸ್ಕರ ಬಾತ್‌ರೂಮನ್ನು ತಣ್ಣಗಿಟ್ಟರೆ ಟವೆಲ್ ಒಣಗುವುದಿಲ್ಲ, ಗೋಡೆ ಮೂಲೆಯಲ್ಲಿ ಕಪ್ಪು ಬೂಸ್ಟು ಬರುತ್ತದೆ, ಆಮೇಲೆ ಡಿಪಾಸಿಟ್ ವಾಪಸ್ ಕೇಳುವಾಗ ಅದೇ ತಗಾದೆ. ನನ್ನ ಪ್ರಕಾರ ಬೆಚ್ಚಗೆ ಇರುವಷ್ಟು ಬಿಡಿ.

ಜಾಸ್ತಿ ಉಳಿಸಬೇಕು ಅಂದರೆ ಬಾಯ್ಲರ್ ಹತ್ತಿರ ಹೋಗಿ. ರೇಡಿಯೇಟರ್‌ಗೆ ಹೋಗುವ ನೀರಿನ ಬಿಸಿ 75-80 ಡಿಗ್ರಿಯಲ್ಲಿದ್ದರೆ 60ಕ್ಕೆ ಇಳಿಸಿ. ಮರಳಿ ಬರುವ ನೀರು ಸುಮಾರು 55 ಡಿಗ್ರಿಗಿಂತ ತಣ್ಣಗಿದ್ದಾಗಲೇ ಕಂಡೆನ್ಸಿಂಗ್ ಬಾಯ್ಲರ್ ಹೊಗೆಯಲ್ಲಿ ಹೋಗುವ ಶಾಖವನ್ನು ಹಿಡಿದಿಟ್ಟುಕೊಳ್ಳುವುದು. ಸುಡುವ ಟವೆಲ್ ರೇಡಿಯೇಟರ್ ಕೂಡ ಇದರಿಂದಲೇ ತಣಿಯುತ್ತದೆ, ಸ್ಪ್ಯಾನರೇ ಬೇಕಾಗದೆ ಇರಬಹುದು, ಹಾಗಾಗಿ ಇದನ್ನೇ ಮೊದಲು ಮಾಡಿ. ನಿಮ್ಮದು ಕಾಂಬಿ, ಅದಕ್ಕೇ ಧೈರ್ಯವಾಗಿ ಹೇಳುತ್ತಿದ್ದೇನೆ. ಬಿಸಿನೀರಿನ ಟ್ಯಾಂಕ್ ಇರುವವರು ಹೀಗೆ ಇಳಿಸಬಾರದು, ಟ್ಯಾಂಕಿನ ನೀರು 60 ಡಿಗ್ರಿ ಮುಟ್ಟದಿದ್ದರೆ ನ್ಯುಮೋನಿಯಾ ತರುವ ಲೀಜಿಯೊನೆಲ್ಲಾ ಬ್ಯಾಕ್ಟೀರಿಯಾ ಬೆಳೆಯುವ ಭಯವಿದೆ.

ಹಾಂ, ರೇಡಿಯೇಟರ್ ಬುಡದಿಂದ ಕರೆಂಟ್ ವಯರ್ ಏನಾದರೂ ಹೊರಟಿದೆಯಾ ನೋಡಿ. ಇದ್ದರೆ ಒಳಗೆ ಹೀಟರ್ ರಾಡ್ ಇದೆ ಅಂತ ಅರ್ಥ, ಅದರ ಸ್ವಿಚ್ ಆನ್ ಆಗಿಯೇ ಉಳಿದಿದ್ದರೆ ಬಿಲ್ ಅಲ್ಲೇ ಏರುತ್ತಿರುತ್ತದೆ, ಇಲ್ಲಿ ಕರೆಂಟು ಗ್ಯಾಸಿನ ಸುಮಾರು ನಾಲ್ಕು ಪಟ್ಟು ದುಬಾರಿ. ಅಂಥದ್ದರಲ್ಲಿ ಎರಡೂ ವಾಲ್ವ್ ಮುಚ್ಚಿ ರಾಡ್ ಮಾತ್ರ ಹಾಕಬೇಡಿ. ಕಾದು ಹಿಗ್ಗಿದ ನೀರಿಗೆ ಹೋಗಲು ಜಾಗ ಇರುವುದಿಲ್ಲ.