ಸ್ವಂತ ಪಾತ್ರ ಮಾಡಿಕೊಳ್ಳುವ ಗೇಮ್‌ಗೆ 3000 ರೂಪಾಯಿ ಕೊಡಬಹುದಾ?

ನಿಮ್ಮ ಪ್ರಶ್ನೆ ಎರಡು ಸಲ ಓದಿದೆ. ಗದಗಿನವರು, ಹುಬ್ಬಳ್ಳಿಯಲ್ಲಿ ಓದುತ್ತಿದ್ದೀರಿ, ಟ್ಯೂಷನ್ ಹೇಳಿ 3000 ರೂಪಾಯಿ ಕೂಡಿಟ್ಟಿದ್ದೀರಿ. ಕಣ್ಣು, ಮೂಗು, ಕೂದಲು, ಬಟ್ಟೆ ಎಲ್ಲ ನಾವೇ ಆರಿಸಿ ಪಾತ್ರ ಮಾಡಿಕೊಳ್ಳುವ ಗೇಮ್ ಒಂದನ್ನು ಕೊಳ್ಳುವ ಆಸೆ. ಆದರೆ ಪಾತ್ರ ಮಾಡಿ ಮುಗಿದ ಮೇಲೆ ಬೇಜಾರಾಗಿ ಬಿಟ್ಟುಬಿಟ್ಟರೆ ರೊಕ್ಕ ಹಾಳಾಗುತ್ತಲ್ವಾ ಅಂತ ಭಯ. ಈ ಭಯ ಸುಮ್ನೆ ಬಂದಿದ್ದಲ್ಲ. ನನಗೆ ಒಂದು ಸಲ ಹಾಗೇ ಆಗಿದೆ.

ಕೊಳ್ಳಬಹುದು. ಆದರೆ ಪಾತ್ರ ಮಾಡುವ ಆ ಪರದೆ ನೋಡಿ ಮರುಳಾಗಿ ಕೊಳ್ಳಬೇಡಿ. ಆ ಪರದೆ ಮುಚ್ಚಿದ ಮೇಲೆ ಆಟ ನಿಮ್ಮ ಪಾತ್ರದ ಗುರುತು ಹಿಡಿಯುತ್ತದಾ, ಅದಷ್ಟನ್ನೇ ನೋಡಿ.

ನನ್ನ ಕಥೆ ಹೇಳುತ್ತೇನೆ. ಧಾರವಾಡದಲ್ಲಿ ರೂಮು, ಹುಬ್ಬಳ್ಳಿಯಲ್ಲಿ ಕೆಲಸ, ಕೆಲಸಕ್ಕೆ ಸೇರಿದ ಹೊಸದು. ಮೊದಲ ದೀಪಾವಳಿಗೆ ಕೈಗೆ ಸ್ವಲ್ಪ ಜಾಸ್ತಿ ದುಡ್ಡು ಬಂತು, ಪೂರ್ತಿ ಬೆಲೆ ಕೊಟ್ಟು ಒಂದು ಗೇಮ್ ಕೊಂಡೆ. ಹೆಸರು ಬೇಡ. ಅದರಲ್ಲಿ ಮುಖಕ್ಕೇ ನೂರಾರು ಆಯ್ಕೆ. ಹುಬ್ಬಿನ ದಪ್ಪ, ಮೂಗಿನ ತುದಿ, ಕಿವಿಯ ಹಾಲೆ, ಏನು ಬೇಕೋ ಎಳೆದು ಸರಿ ಮಾಡಬಹುದು. ಎರಡೂವರೆ ತಾಸು ಕೂತು ನನ್ನದೇ ಮುಖ ಮಾಡಿದೆ, ಗದ್ದದ ಮೇಲಿನ ಕಲೆ ಸಮೇತ. ಅಷ್ಟು ಚಂದ ಬಂದಿತ್ತು! ಆಟ ಶುರುವಾದ ಹತ್ತೇ ನಿಮಿಷಕ್ಕೆ ತಲೆಗೊಂದು ಶಿರಸ್ತ್ರಾಣ ಸಿಕ್ಕಿತು. ಅದನ್ನು ತೆಗೆದರೆ ಎರಡು ಏಟಿಗೆ ಸಾಯುತ್ತೇನೆ, ಹಾಕಿಕೊಂಡರೆ ಮುಖ ಕಾಣುವುದಿಲ್ಲ. ಅದರಲ್ಲಿ ಸಿಗುವ ಜನ ಯಾರೂ ನನ್ನನ್ನು ಹೆಸರು ಹಿಡಿದು ಕರೆಯಲಿಲ್ಲ, ಎಲ್ಲಿಂದ ಬಂದೆ ಅಂತ ಕೇಳಲಿಲ್ಲ. ನನ್ನ ಜಾಗದಲ್ಲಿ ಬೇರೆ ಯಾರೇ ಇದ್ದರೂ ಅದೇ ಮಾತು, ಅದೇ ದಾರಿ. ವಾಪಸ್ ಕೊಡೋಣ ಅಂದರೆ ಆಗಲೇ ಎರಡು ತಾಸು ದಾಟಿತ್ತು. ಅದರ ಬಗ್ಗೆ ಮುಂದೆ ಹೇಳುತ್ತೇನೆ, ಅದು ನಿಮಗೆ ಬಹಳ ಮುಖ್ಯ.

ಆ ರಾತ್ರಿ ನಮ್ಮಜ್ಜ ನೆನಪಾದ. ಹಾವೇರಿ ಜಿಲ್ಲೆಯ ಹಾನಗಲ್ ಕಡೆಯ ಹಳ್ಳಿ ನಮ್ಮದು. ಅಜ್ಜ ದೊಡ್ಡಾಟದಲ್ಲಿ ಪಾತ್ರ ಹಾಕುತ್ತಿದ್ದ. ಸಂಜೆಯಿಂದ ಕೂತು ಮುಖಕ್ಕೆ ಬಣ್ಣ, ಆಮೇಲೆ ಕಿರೀಟ, ಭುಜಕೀರ್ತಿ, ಎದೆಹಾರ. ಚಿಕ್ಕವನಿದ್ದಾಗ ಪಕ್ಕದಲ್ಲಿ ಕೂತು ಕನ್ನಡಿ ಹಿಡಿಯುವ ಕೆಲಸ ನನ್ನದು. ಪಾತ್ರ ರಂಗಕ್ಕೆ ಬಂದ ಕೂಡಲೇ ಸಾರಥಿ, ಅಂದರೆ ಆಟ ನಡೆಸಿಕೊಡುವವ, ತಡೆದು ಕೇಳುತ್ತಾನೆ: ತಾವು ಯಾರು, ಎಲ್ಲಿಂದ ಬಂದಿರಿ, ತಮ್ಮ ನಾಮಾಂಕಿತವೇನು? ಆಗ ಪಾತ್ರ ತನ್ನ ಊರು, ಹೆಸರು, ಶೌರ್ಯ ಎಲ್ಲ ಹೇಳಿಕೊಳ್ಳುತ್ತದೆ. ಸಾರಥಿ ಕೇಳಿದ ಮೇಲೆಯೇ ಅಜ್ಜ ನನಗೆ ಅಜ್ಜನಾಗಿ ಕಾಣದೆ ರಾಜನಾಗಿ ಕಾಣುತ್ತಿದ್ದ. ಬಣ್ಣ ಅಂತೂ ಆಗಲೇ ಹಚ್ಚಿ ಆಗಿತ್ತು, ಕನ್ನಡಿ ಹಿಡಿದವನೇ ನಾನು, ಆದರೂ ಆ ಪ್ರಶ್ನೆ ಬರುವ ತನಕ ಅವನು ಬಣ್ಣ ಹಚ್ಚಿದ ನಮ್ಮಜ್ಜನೇ.

ಅದಕ್ಕೇ ಈಗ ಯಾವ ಗೇಮ್ ನೋಡಿದರೂ ನಾನು ಮೊದಲು ಹುಡುಕುವುದು ಸಾರಥಿಯನ್ನು.

ಸ್ಕೈರಿಮ್ ತಗೊಳ್ಳಿ. 2011ರ ನವೆಂಬರ್‌ನಲ್ಲಿ ಬಂದಿದ್ದು, ಹಳೆಯ ಗೇಮ್. ಶುರುವಿಗೆ ನಿಮ್ಮ ಕೈ ಕಟ್ಟಿ ಗಾಡಿಯಲ್ಲಿ ಕರೆದುಕೊಂಡು ಹೋಗುತ್ತಾರೆ, ತಲೆ ಕಡಿಯುವ ಜಾಗಕ್ಕೆ. ಕೈದಿಗಳ ಪಟ್ಟಿ ಹಿಡಿದ ಸೈನಿಕನೊಬ್ಬ ನಿಮ್ಮನ್ನು ಮುಂದೆ ಕರೆದು ಕೇಳುತ್ತಾನೆ: ನೀನು ಯಾರು? ಸರಿಯಾಗಿ ಆ ಕ್ಷಣಕ್ಕೆ ಪಾತ್ರ ಮಾಡುವ ಪರದೆ ತೆರೆಯುತ್ತದೆ. ಹತ್ತು ಕುಲಗಳಲ್ಲಿ ಒಂದನ್ನು ಆರಿಸಿ, ಹೆಸರು ಬರೆದು ಮುಗಿಸಿದರೆ, ನೀವು ಆರಿಸಿದ ಕುಲ ನೋಡಿ ಅವನ ಮುಂದಿನ ಮಾತು ಬದಲಾಗುತ್ತದೆ. ಬೆಕ್ಕಿನ ಮುಖದ ಖಜೀತ್ ಆಗಿದ್ದರೆ ವ್ಯಾಪಾರದ ತಂಡದ ಜೊತೆ ಬಂದವನಾ ಅಂತ ಕೇಳುತ್ತಾನೆ. ಇದನ್ನು ಮೊದಲ ಸಲ ನೋಡಿದಾಗ ನನಗೆ ಮೈ ಜುಮ್ ಅಂದಿತ್ತು. ಆದರೆ ಇದರಲ್ಲಿ ಒಂದು ಕೊರತೆ ಇದೆ. ಅದೇ ಖಜೀತ್ ವ್ಯಾಪಾರಿಗಳನ್ನು ಊರೊಳಗೆ ಬಿಡುವುದಿಲ್ಲ, ಅವರು ಕೋಟೆಯ ಹೊರಗೇ ಡೇರೆ ಹಾಕಿಕೊಂಡು ಇರುತ್ತಾರೆ. ನೀವೂ ಖಜೀತ್ ಆಗಿದ್ದರೂ ನಿಮ್ಮನ್ನು ಮಾತ್ರ ಆರಾಮಾಗಿ ಒಳಗೆ ಬಿಡುತ್ತಾರೆ. ಅಂದರೆ ಆಟ ನಿಮ್ಮ ಗುರುತು ಹಿಡಿಯುತ್ತದೆ, ಆಮೇಲೆ ಮರೆತೂ ಬಿಡುತ್ತದೆ. ಸೇಲ್ ಇದ್ದಾಗ ಬಹಳ ಅಗ್ಗಕ್ಕೆ ಸಿಗುತ್ತದೆ, ಆ ಬೆಲೆಗೆ ನನಗಂತೂ ಪೂರ್ತಿ ಒಪ್ಪಿಗೆ.

2015ರ ಫಾಲೌಟ್ 4ರಲ್ಲಿ ಕಾಡ್ಸ್‌ವರ್ತ್ ಅಂತ ಒಂದು ಮನೆಗೆಲಸದ ರೋಬೋ ಇದೆ. ನೀವು ಇಟ್ಟುಕೊಂಡ ಹೆಸರು ಅದರ ಪಟ್ಟಿಯಲ್ಲಿದ್ದರೆ ಬಾಯಿಬಿಟ್ಟು ಆ ಹೆಸರಿನಿಂದಲೇ ಕರೆಯುತ್ತದೆ. ಇದಕ್ಕಾಗಿ 900ಕ್ಕೂ ಹೆಚ್ಚು ಹೆಸರುಗಳನ್ನು ಒಬ್ಬ ನಟನಿಂದ ಹೇಳಿಸಿ ರೆಕಾರ್ಡ್ ಮಾಡಿಟ್ಟಿದ್ದಾರೆ. ಹೆಸರು ಹಿಡಿದು ಕರೆಸಿಕೊಳ್ಳುವುದು ಆಡುವವರಿಗೆ ಎಷ್ಟು ಬೇಕು ಅಂತ ಅವರಿಗೆ ಗೊತ್ತಿತ್ತು. ಮಾಸ್ ಎಫೆಕ್ಟ್ ಅನ್ನುವ ಗೇಮ್ ಸರಣಿಯವರು ಬೇರೆ ದಾರಿ ಹಿಡಿದರು. ಮುಖ, ಮೊದಲ ಹೆಸರು ನಿಮ್ಮದು, ಆದರೆ ಎಲ್ಲರೂ ಕರೆಯುವುದು ಶೆಪರ್ಡ್ ಅಂತಲೇ. 2007, 2010, 2012, ಹೀಗೆ ಮೂರು ಗೇಮ್‌ಗಳಲ್ಲಿ ಅದೇ ಪಾತ್ರವನ್ನು ಮುಂದಕ್ಕೆ ಒಯ್ಯಬಹುದು. ಮೊದಲನೆಯದರಲ್ಲಿ ನೀವು ಕೈಬಿಟ್ಟವರು ಮೂರನೆಯದರಲ್ಲಿ ಸಿಗುವುದಿಲ್ಲ. 2021ರಿಂದ ಮೂರೂ ಒಂದೇ ಕಟ್ಟಿನಲ್ಲಿ ಸಿಗುತ್ತವೆ.

ಈಗ ನನ್ನ ಮನಸ್ಸಿಗೆ ಬಹಳ ಹತ್ತಿರದ್ದು, ಬಾಲ್ಡರ್ಸ್ ಗೇಟ್ 3. 2023ರ ಆಗಸ್ಟ್ 3ಕ್ಕೆ ಬಂತು. ಇದರ ಪಾತ್ರ ಮಾಡುವ ಪರದೆ ನೋಡಿದರೆ ನಿಮಗೆ ನಿರಾಸೆ ಆಗಬಹುದು. ಮೂಗು ಎಳೆಯುವ, ದವಡೆ ಅಗಲ ಮಾಡುವ ಪಟ್ಟಿಗಳೇ ಇಲ್ಲ. ಅವರು ಮಾಡಿಟ್ಟ ಮುಖಗಳಲ್ಲಿ ಒಂದನ್ನು ಆರಿಸಬೇಕು, ಅದರ ಮೇಲೆ ಕೂದಲು, ಗಡ್ಡ, ಮೀಸೆ, ಕಲೆ, ಬಣ್ಣ. ನಾನು ಅಜ್ಜನನ್ನು ಮಾಡಲು ಹೊರಟೆ. ಮುಖ ಹೋಲಲೇ ಇಲ್ಲ. ಮೀಸೆ ಮಾತ್ರ ಸ್ವಲ್ಪ ಹೊಂದಿತು. ಇರುವ 12 ವರ್ಗಗಳಲ್ಲಿ ಹಾಡುಗಾರನ ವರ್ಗ, ಬಾರ್ಡ್ ಅಂತಾರೆ, ಅದನ್ನು ಆರಿಸಿ ಕೈಗೆ ಒಂದು ಡ್ರಮ್ ಕೊಟ್ಟೆ. ಅಜ್ಜ ಮದ್ದಳೆಯನ್ನೂ ಬಾರಿಸುತ್ತಿದ್ದ, ಅದಕ್ಕೆ. ಕಥೆಯಲ್ಲಿ ಸ್ವಲ್ಪ ಮುಂದೆ ಹೋದ ಮೇಲೆ, ಮನೆ ಮಠ ಕಳೆದುಕೊಂಡ ಜನ ಒಂದು ತೋಪಿನಲ್ಲಿ ಆಸರೆ ಪಡೆದಿರುತ್ತಾರೆ. ಅಲ್ಲಿ ನಿಂತು ಸುಮ್ನೆ ಡ್ರಮ್ ಬಾರಿಸಿದೆ. ಜನ ಒಬ್ಬೊಬ್ಬರಾಗಿ ಬಂದು ಸುತ್ತ ನಿಂತರು. ಕೆಲವರು ಕಾಸು ಹಾಕಿದರು. ಕಥೆಗೆ ಇದು ಏನೂ ಬೇಕಿಲ್ಲ, ಯಾರೂ ಮಾಡು ಅಂತ ಹೇಳಿಯೂ ಇಲ್ಲ. ನಾನು ಎಷ್ಟೋ ಹೊತ್ತು ಬಾರಿಸುತ್ತಲೇ ಕೂತೆ. ಮುಖ ಹೋಲದೇ ಇದ್ದ ಆ ಪಾತ್ರ ಅವತ್ತು ನನಗೆ ಪೂರ್ತಿ ಅಜ್ಜನೇ ಆಗಿತ್ತು. ಬೇರೆ ಪಾತ್ರ ಮಾಡಿ ಆಡಿದರೆ ಮತ್ತೊಂದು ಥರ. ಡ್ರೌ ಕುಲದವರಾಗಿ ಹೋದರೆ ಗಾಬ್ಲಿನ್ ಅನ್ನುವ ಕುಳ್ಳ ಪಿಶಾಚಿಗಳು ಹೆದರಿ ದಾರಿ ಬಿಡುತ್ತವೆ, ಬೇರೆಯವರಾಗಿ ಹೋದರೆ ಬಾಗಿಲಲ್ಲೇ ತಡೆಯುತ್ತವೆ. ಮಾತುಕತೆಯಲ್ಲಿ ನಿಮ್ಮ ಕುಲಕ್ಕೆ, ವರ್ಗಕ್ಕೆ ಅಂತಲೇ ಬೇರೆ ಉತ್ತರಗಳು ಬರುತ್ತವೆ. ಇಡೀ ಆಟದ ತುಂಬ ಸಾರಥಿಗಳೇ.

ಇದಕ್ಕೆ ತೀರ ವಿರುದ್ಧ ಒಂದು ಉದಾಹರಣೆ ಹೇಳಿಬಿಡುತ್ತೇನೆ. 2020ರ ಡಿಸೆಂಬರ್‌ನಲ್ಲಿ ಬಂದ ಸೈಬರ್‌ಪಂಕ್ 2077ರಲ್ಲಿ ಪಾತ್ರವನ್ನು ಬಹಳ ಚೆನ್ನಾಗಿ ಮಾಡಬಹುದು, ಕಥೆಯೂ ಚಲೋ ಇದೆ. ಆದರೆ ಇಡೀ ಆಟ ಆ ಪಾತ್ರದ ಕಣ್ಣಿನಿಂದಲೇ ನಡೆಯುತ್ತದೆ. ಕನ್ನಡಿ ಮುಂದೆ ನಿಂತಾಗ, ಬೈಕ್ ಓಡಿಸುವಾಗ, ಫೋಟೋ ತೆಗೆಯುವಾಗ, ಬಟ್ಟೆ ಬದಲಿಸುವ ಪರದೆಯಲ್ಲಿ ಬಿಟ್ಟರೆ ನೀವು ಮಾಡಿದ ಮುಖ ನಿಮಗೇ ಕಾಣುವುದಿಲ್ಲ. ಕಥೆಗೆ ಕೊಳ್ಳುವವರು ಕೊಳ್ಳಲಿ. ನಿಮ್ಮ ಹಾಗೆ ಮುಖ, ಬಟ್ಟೆ ನೋಡುತ್ತ ಇರಬೇಕು ಅನ್ನುವವರಿಗೆ ಅದು ಮೊದಲ ಆಯ್ಕೆ ಅಲ್ಲ. ಕೊಳ್ಳುವ ಮುಂಚೆ ಯೂಟ್ಯೂಬ್‌ನಲ್ಲಿ ಆಟದ ನಡುಭಾಗದ ವಿಡಿಯೋ ಒಂದು ಹಾಕಿ ನೋಡಿ. ಹತ್ತು ನಿಮಿಷದಲ್ಲಿ ಪಾತ್ರ ಎಷ್ಟು ಸಲ ಕಾಣುತ್ತದೆ, ಎಷ್ಟು ಜನ ಅದರ ಜೊತೆ ಮಾತಾಡುತ್ತಾರೆ ಅಂತ ಗೊತ್ತಾಗಿ ಹೋಗುತ್ತದೆ. ಟ್ರೇಲರ್ ನಂಬಬೇಡಿ.

ನೀವು ಇನ್ನೊಂದು ಮಾತು ಬರೆದಿದ್ದೀರಿ: ನನಗೆ ಪಾತ್ರ ಮಾಡುವುದೇ ಖುಷಿ, ಆಮೇಲೆ ಆಡುತ್ತೇನೋ ಇಲ್ಲವೋ ಗೊತ್ತಿಲ್ಲ ಅಂತ. ಇದರಲ್ಲಿ ತಪ್ಪೇನೂ ಇಲ್ಲ. ಗೊಂಬೆ ಸಿಂಗಾರ ಮಾಡಿದ ಹಾಗೆ, ರಂಗೋಲಿ ಹಾಕಿದ ಹಾಗೆ ಅದೂ ಒಂದು ಸಂತೋಷ. ಆದರೆ ಬರೀ ಅದಕ್ಕೆ ದುಡ್ಡು ಕೊಡಬೇಕಿಲ್ಲ. ದ ಸಿಮ್ಸ್ 4 ಮೂಲ ಗೇಮ್ 2022ರ ಅಕ್ಟೋಬರ್‌ನಿಂದ ಪೂರ್ತಿ ಉಚಿತ. 2020ರ ಡಿಸೆಂಬರ್‌ನಲ್ಲಿ ಅದಕ್ಕೆ ನೂರಕ್ಕೂ ಹೆಚ್ಚು ಹೊಸ ಚರ್ಮದ ಬಣ್ಣ ಸೇರಿಸಿದರು, ಹಾಗಾಗಿ ನಮ್ಮಂಥ ಕಂದು, ಕಪ್ಪು ಮೈಬಣ್ಣ ಈಗ ಬೂದಿ ಬಳಿದ ಹಾಗೆ ಕಾಣದೆ ಸರಿಯಾಗಿ ಬರುತ್ತದೆ. ನನ್ನ ತಂಗಿ ಅದರಲ್ಲಿ ನಮ್ಮ ಇಡೀ ಮನೆಮಂದಿಯನ್ನು ಮಾಡಿದ್ದಾಳೆ, ಅವ್ವ ನೋಡಿ ನಾನು ಇಷ್ಟು ದಪ್ಪ ಇದ್ದೇನಾ ಅಂತ ಕೇಳಿದಳು. ಒಂದೇ ಎಚ್ಚರಿಕೆ, ಮೂಲ ಗೇಮ್ ಉಚಿತ, ಮೇಲಿನ ಪ್ಯಾಕ್‌ಗಳಿಗೆಲ್ಲ ದುಡ್ಡು, ಅವು ಲೆಕ್ಕವಿಲ್ಲದಷ್ಟಿವೆ. ಡ್ರ್ಯಾಗನ್ಸ್ ಡಾಗ್ಮಾ 2 ಬಿಡುಗಡೆಯಾಗುವ ಮುಂಚೆ, 2024ರ ಮಾರ್ಚ್‌ನಲ್ಲಿ, ಪಾತ್ರ ಮಾಡುವ ಭಾಗವನ್ನಷ್ಟೇ ಬೇರೆ ಮಾಡಿ ಉಚಿತವಾಗಿ ಕೊಟ್ಟಿದ್ದರು. ಆ ಗೇಮ್‌ನಲ್ಲಿ ನಿಮ್ಮ ಜೊತೆಗಾರನನ್ನೂ ನೀವೇ ಮಾಡಬೇಕು, ಆ ಜೊತೆಗಾರ ಬೇರೆಯವರ ಆಟಕ್ಕೆ ಕೆಲಸಕ್ಕೆ ಹೋಗಿ ಬರುತ್ತಾನೆ. ನನಗೆ ಬಹಳ ಹಿಡಿಸಿದ ಯೋಚನೆ ಅದು.

ಇನ್ನು ಆ ಎರಡು ತಾಸಿನ ವಿಷಯ. ಸ್ಟೀಮ್ ಅಂದರೆ ಕಂಪ್ಯೂಟರ್ ಗೇಮ್ ಮಾರುವ ಆನ್‌ಲೈನ್ ಅಂಗಡಿ. ಅಲ್ಲಿ ಕೊಂಡ ಗೇಮ್ ಇಷ್ಟವಾಗದಿದ್ದರೆ ದುಡ್ಡು ವಾಪಸ್ ಕೇಳಬಹುದು. ಕೊಂಡು 14 ದಿನದೊಳಗೆ ಕೇಳಬೇಕು, ಆಡಿದ್ದು 2 ತಾಸಿಗಿಂತ ಕಡಿಮೆ ಇರಬೇಕು. ಪಾತ್ರ ಮಾಡುತ್ತ ಕೂತ ಹೊತ್ತೂ ಈ ಎರಡು ತಾಸಿನಲ್ಲಿಯೇ ಬರುತ್ತದೆ. ನಾನು ಸಿಕ್ಕಿಬಿದ್ದಿದ್ದು ಇಲ್ಲೇ. ಅದಕ್ಕೇ ಮೊದಲ ಸಲ ಮುಖ ಕೆತ್ತುತ್ತ ಕೂಡಬೇಡಿ. ಅವರು ಕೊಟ್ಟ ಯಾವುದೋ ಒಂದು ಮುಖ ಆರಿಸಿ ನೇರ ಆಟಕ್ಕೆ ಇಳಿಯಿರಿ, ಒಂದೂವರೆ ತಾಸು ಆಡಿ. ಯಾರಾದರೂ ನಿಮ್ಮನ್ನು ಯಾರು ಅಂತ ಕೇಳಿದರಾ, ನೀವು ಆರಿಸಿದ್ದರಿಂದ ಏನಾದರೂ ಬದಲಾಯಿತಾ? ಹೌದು ಅಂದರೆ ಮತ್ತೆ ಮೊದಲಿನಿಂದ ಶುರು ಮಾಡಿ, ಇಡೀ ರಾತ್ರಿ ಕೂತು ಮುಖ ಮಾಡಿ. ಇಲ್ಲ ಅಂದರೆ ಆ ಹೊತ್ತಿಗೇ ವಾಪಸ್ ಕೊಡಿ, ನಾಳೆ ನೋಡೋಣ ಅನ್ನಬೇಡಿ.

ಮೊದಲು ಮಾಡಿದ ಮುಖ ಆಮೇಲೆ ಬದಲಿಸಬಹುದಾ ಅಂತಲೂ ನೋಡಿ. ಪಾತ್ರ ಮಾಡುವ ಪರದೆಯ ಬೆಳಕೇ ಬೇರೆ, ಆಟದೊಳಗಿನ ಬಿಸಿಲೇ ಬೇರೆ. ಅಲ್ಲಿ ಚಂದ ಕಂಡ ಮುಖ ಇಲ್ಲಿ ವಿಚಿತ್ರವಾಗಿ ಕಾಣುವುದು ಮಾಮೂಲು. ಬಾಲ್ಡರ್ಸ್ ಗೇಟ್ 3ರಲ್ಲಿ ಈಗ ಶಿಬಿರದಲ್ಲೇ ಒಂದು ಮಾಯದ ಕನ್ನಡಿ ಇದೆ, ಅದರಲ್ಲಿ ಬದಲಿಸಬಹುದು. ಮಾನ್ಸ್ಟರ್ ಹಂಟರ್ ವರ್ಲ್ಡ್‌ನಲ್ಲಿ ಮುಖ ಪೂರ್ತಿ ಬದಲಿಸಲು ಒಂದು ಸಲ ಉಚಿತ, ಆಮೇಲೆ ದುಡ್ಡು ಕೊಟ್ಟು ಚೀಟಿ ಕೊಳ್ಳಬೇಕು. ಇದು ನನಗೆ ಸರಿ ಕಾಣುವುದಿಲ್ಲ, ಪೂರ್ತಿ ಬೆಲೆ ಕೊಟ್ಟು ಕೊಂಡ ಗೇಮ್ ಅಲ್ವಾ.

ಬರೀ ಆನ್‌ಲೈನ್‌ನಲ್ಲಿ ನಡೆಯುವ ಗೇಮ್ ಆದರೆ ನಿಮ್ಮ ಪಾತ್ರ ಇರುವುದು ಅವರ ಸರ್ವರ್‌ನಲ್ಲಿ. ಸಿಟಿ ಆಫ್ ಹೀರೋಸ್ ಅಂತ 2004ರಲ್ಲಿ ಬಂದಿತ್ತು, ವೇಷ ಮಾಡುವುದಕ್ಕೇ ಹೆಸರಾದ ಗೇಮ್. 2012ರ ನವೆಂಬರ್ 30ಕ್ಕೆ ಮುಚ್ಚಿದರು. ಎಂಟು ವರ್ಷ ಬೆಳೆಸಿದ ಪಾತ್ರಗಳು ಒಂದೇ ದಿನದಲ್ಲಿ ಜನರ ಕೈ ತಪ್ಪಿ ಹೋದವು. ಅಭಿಮಾನಿಗಳೇ ಅದನ್ನು ಮತ್ತೆ ನಡೆಸಲು ಶುರು ಮಾಡಿದರು, 2024ರಲ್ಲಿ ಅವರಿಗೆ ಅಧಿಕೃತ ಒಪ್ಪಿಗೆಯೂ ಸಿಕ್ಕಿತು. ಆದರೂ ಮೊದಲ ಗೇಮ್ ಅಂತ ಕೊಳ್ಳುವಾಗ ನಿಮ್ಮ ಕಂಪ್ಯೂಟರ್‌ನಲ್ಲೇ ಸೇವ್ ಆಗುವಂಥದ್ದನ್ನು ಆರಿಸಿ.

ನಿಮ್ಮ 3000ಕ್ಕೆ ಬರುತ್ತೇನೆ. ಅಷ್ಟನ್ನೂ ಒಂದೇ ಗೇಮ್‌ಗೆ ಈಗಲೇ ಹಾಕಬೇಡಿ. ಮೊದಲು ಸಿಮ್ಸ್ 4 ಹಾಕಿಕೊಂಡು ಒಂದು ತಿಂಗಳು ಪಾತ್ರ ಮಾಡುವ ಆಸೆ ತೀರಿಸಿಕೊಳ್ಳಿ. ಆಮೇಲೆ ಸ್ಟಾರ್‌ಡ್ಯೂ ವ್ಯಾಲಿ ಕೊಳ್ಳಿ, 500 ರೂಪಾಯಿ ಆಸುಪಾಸು. 2016ರಲ್ಲಿ ಎರಿಕ್ ಬರೋನ್ ಎಂಬ ಒಬ್ಬನೇ ಕೂತು ಮಾಡಿದ್ದು. ಪಾತ್ರ ಬೆರಳುಗುರಿನಷ್ಟು ಚಿಕ್ಕದು, ಮುಖದಲ್ಲಿ ನಾಲ್ಕು ಚುಕ್ಕೆ. ಆದರೆ ಊರಿಗೆ ಊರೇ ನಿಮ್ಮನ್ನು ಹೆಸರು ಹಿಡಿದು ಮಾತಾಡಿಸುತ್ತದೆ, ನಿಮ್ಮ ಹೊಲಕ್ಕೆ ನೀವಿಟ್ಟ ಹೆಸರೇ ನಿಲ್ಲುತ್ತದೆ. ಹಳೆಯ ಲ್ಯಾಪ್‌ಟಾಪ್‌ನಲ್ಲೂ ನಡೆಯುತ್ತದೆ. ಅದು ಹಿಡಿಸಿದರೆ ಜೂನ್ ಕೊನೆಯ ಇಲ್ಲವೇ ಡಿಸೆಂಬರ್‌ನ ಸೇಲ್ ಕಾದು ಬಾಲ್ಡರ್ಸ್ ಗೇಟ್ 3. ಅದಕ್ಕೆ 150 ಜಿಬಿ ಜಾಗ ಬೇಕು, ಎಸ್‌ಎಸ್‌ಡಿ ಅನ್ನುವ ವೇಗದ ಡಿಸ್ಕ್ ಬೇಕು, ಕಡಿಮೆ ಅಂದರೂ 8 ಜಿಬಿ ರ‍್ಯಾಮ್ ಮತ್ತು ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಬೇಕು. ದಿನಕ್ಕೆ 2 ಜಿಬಿ ಮೊಬೈಲ್ ಡೇಟಾದಲ್ಲಿ ಇಳಿಸಲು ಕೂತರೆ ಎರಡು ತಿಂಗಳ ಮೇಲಾಗುತ್ತದೆ. ನಾನು ಲ್ಯಾಪ್‌ಟಾಪ್ ಚೀಲಕ್ಕೆ ಹಾಕಿಕೊಂಡು ಚಿಗರಿ ಬಸ್ ಹತ್ತಿ, ಹುಬ್ಬಳ್ಳಿಯಲ್ಲಿ ವೈಫೈ ಇರುವ ಗೆಳೆಯನ ಮನೆಯಲ್ಲಿ ಒಂದು ಶನಿವಾರ ರಾತ್ರಿ ಇಳಿಸಿಕೊಂಡು ಬಂದೆ.

ನಿಮ್ಮ ಲ್ಯಾಪ್‌ಟಾಪ್ ಯಾವುದು ಅಂತ ನೀವು ಬರೆದಿಲ್ಲ. ಗ್ರಾಫಿಕ್ಸ್ ಕಾರ್ಡಿನ ಹೆಸರು ಮತ್ತು ರ‍್ಯಾಮ್ ಎಷ್ಟು ಅಂತ ಇದರ ಕೆಳಗೆ ಹಾಕಿ, ಯಾವ ಗೇಮ್ ನಡೆಯುತ್ತದೆ ನೋಡಿ ಹೇಳುತ್ತೇನೆ.