ಕಾದಂಬರಿಯ ಹಕ್ಕು ಕೇಳಿಕೊಂಡು ನಿರ್ಮಾಪಕರೊಬ್ಬರು ಬಂದಿದ್ದಾರೆ. ಸಿನಿಮಾದವರು ಲೇಖಕರನ್ನು ಹೇಗೆ ನಡೆಸಿಕೊಳ್ಳುತ್ತಾರೆ?

ಸಹಿ ಬೀಳುವ ತನಕ ಬಹಳ ಚೆನ್ನಾಗಿ ನಡೆಸಿಕೊಳ್ಳುತ್ತಾರೆ. ನನ್ನದೊಂದು ಸಣ್ಣಕಥೆ ಕೇಳಲು ಬಂದವರು ಹಣ್ಣು, ಶಾಲು ಸಮೇತ ಬಂದಿದ್ದರು. ಮುಹೂರ್ತದ ಸುದ್ದಿ ಮಾತ್ರ ನನಗೆ ಪೇಪರಿನಿಂದ ಗೊತ್ತಾಯಿತು. ಇದರಲ್ಲಿ ದ್ವೇಷವೇನೂ ಇಲ್ಲ. ಕಥೆ ಕೊಂಡ ಮೇಲೆ ಕಥೆಗಾರನಿಗೆ ಅಲ್ಲೇನು ಕೆಲಸ ಎಂದು ಅವರು ಮನಸಾರೆ ನಂಬಿರುತ್ತಾರೆ.

ಆರ್.ಕೆ. ನಾರಾಯಣ್ ಅವರಿಗೇ ಇದು ತಪ್ಪಲಿಲ್ಲ. 1958ರ 'ದಿ ಗೈಡ್' ಕಾದಂಬರಿಯನ್ನು ದೇವಾನಂದ್ ಸಿನಿಮಾ ಮಾಡಲು ಹೊರಟಾಗ, ನಾರಾಯಣ್ ತಾವೇ ಚಿತ್ರತಂಡದವರನ್ನು ಮೈಸೂರಿನ ಸುತ್ತಮುತ್ತ ಕರೆದೊಯ್ದು ಮಾಲ್ಗುಡಿಗೆ ಹೊಂದುವ ಜಾಗಗಳನ್ನೆಲ್ಲ ತೋರಿಸಿದರು. ನೋಡಿ ಮೆಚ್ಚಿದವರು ಹೋಗಿ ಶೂಟಿಂಗ್ ಮಾಡಿದ್ದು ರಾಜಸ್ಥಾನದಲ್ಲಿ! ಮಾಲ್ಗುಡಿ ಎಲ್ಲಿರಬೇಕು ಎನ್ನುವುದೂ ಈಗ ನಾರಾಯಣ್ ಕೈಯಲ್ಲಿರಲಿಲ್ಲ. ಕಾದಂಬರಿಯ ಕೊನೆಯಲ್ಲಿ ಮಳೆ ಬಂತೋ ಇಲ್ಲವೋ ಓದುಗರಿಗೆ ಬಿಟ್ಟದ್ದು. ಸಿನಿಮಾದಲ್ಲಿ ಧೋ ಎಂದು ಸುರಿಯುತ್ತದೆ. ಈ ಸಂಕಟವನ್ನೆಲ್ಲ ಅವರು ಒಂದು ಪ್ರಬಂಧ ಬರೆದು ತೀರಿಸಿಕೊಂಡರು. ತಮಾಷೆಯೆಂದರೆ, ಆ ಚಿತ್ರಕ್ಕೆ ಬಂದ ಫಿಲ್ಮ್‌ಫೇರ್‌ಗಳಲ್ಲಿ ಅತ್ಯುತ್ತಮ ಕಥೆಯ ಪ್ರಶಸ್ತಿಯೂ ಒಂದು, ಅದೂ ನಾರಾಯಣ್ ಹೆಸರಿಗೆ.

ನಮ್ಮ ತ.ರಾ.ಸು. ತಮ್ಮ ಕಾದಂಬರಿಗಳಿಂದ ಮಾಡಿದ 1972ರ 'ನಾಗರಹಾವು' ಸಿನಿಮಾ ನೋಡಿ, ನಿರ್ದೇಶಕ ಪುಟ್ಟಣ್ಣ ಅದನ್ನು ಕೇರೆಹಾವು ಮಾಡಿದರು ಅಂದರಂತೆ. ನನಗೆ ಆ ಚಿತ್ರ ಇಷ್ಟವೇ. ಮೂರು ಕಾದಂಬರಿಗಳನ್ನು ಒಂದು ಸಿನಿಮಾಕ್ಕೆ ಇಳಿಸಿದರೆ ಏನಾದರೂ ಬಿಟ್ಟುಹೋಗಲೇಬೇಕು. ಹಾಗಾಗಿ ಕಥೆ ಬದಲಾಯಿಸುತ್ತಾರೆ ಅಂತ ಹಿಂಜರಿಯಬೇಡಿ, ಕರಾರುಪತ್ರ ನೋಡಿ.

ಎಲ್ಲ ಭಾಷೆ, ಎಲ್ಲ ಮಾಧ್ಯಮ, ಶಾಶ್ವತವಾಗಿ ಎಂಬ ಸಾಲೊಂದು ಇದ್ದೇ ಇರುತ್ತದೆ. ಅದನ್ನು ತೆಗೆಸಿ. 'ನಾಗರಹಾವು' ಎರಡೇ ವರ್ಷದಲ್ಲಿ 'ಜಹರೀಲಾ ಇನ್ಸಾನ್' ಆಗಿ ಹಿಂದಿಗೆ ಹೋಯಿತು. ರೀಮೇಕು, ಡಬ್ಬಿಂಗು, ಓಟಿಟಿ ಒಂದೊಂದಕ್ಕೂ ಬೇರೆ ದುಡ್ಡು ಕೇಳಿ. ಕೃತಿಸ್ವಾಮ್ಯ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಅವಧಿ ಬರೆಯದಿದ್ದರೆ ಹಕ್ಕು 5 ವರ್ಷಕ್ಕೆ ಮಾತ್ರ. 1 ವರ್ಷದೊಳಗೆ ಬಳಸದಿದ್ದರೆ, ಕರಾರಿನಲ್ಲಿ ಬೇರೆ ರೀತಿ ಬರೆದಿಲ್ಲವಾದರೆ, ಹಕ್ಕು ನಿಮಗೇ ವಾಪಸು. ಆ 'ಬೇರೆ ರೀತಿ'ಯನ್ನೇ ಅವರ ವಕೀಲರು ಟೈಪ್ ಮಾಡಿಸಿ ತಂದಿರುತ್ತಾರೆ, ಹುಷಾರು.

ಕೃತಿಯನ್ನು ತೀರಾ ಕುಲಗೆಡಿಸಿದರೆ ಅದೇ ಕಾಯ್ದೆಯ 57ನೇ ಸೆಕ್ಷನ್ ಇದೆ. ಹಿಂದಿ ಲೇಖಕಿ ಮನ್ನೂ ಭಂಡಾರಿ 'ಆಪ್ ಕಾ ಬಂಟಿ' ಕಾದಂಬರಿಯ ಸಿನಿಮಾ ವಿರುದ್ಧ ಕೋರ್ಟಿಗೆ ಹೋದಾಗ, ಹಕ್ಕು ಮಾರಿದ ಮೇಲೂ ಲೇಖಕರು ವಿರೂಪವನ್ನು ಪ್ರಶ್ನಿಸಬಹುದು ಎಂದು 1986ರಲ್ಲಿ ದೆಹಲಿ ಹೈಕೋರ್ಟ್ ಹೇಳಿತು. ಆದರೆ ಆ ಜಗಳ ಮುಗಿದದ್ದು ರಾಜಿಯಲ್ಲಿ, ಚಿತ್ರದಿಂದ ಅವರ ಹೆಸರು ತೆಗೆಯುವ ಷರತ್ತಿನ ಮೇಲೆ. ಆ ಮಟ್ಟಕ್ಕೆ ಹೋಗುವ ಮೊದಲೇ ಚಿತ್ರಕಥೆ ತೋರಿಸಬೇಕು ಎಂಬ ಸಾಲು ಸೇರಿಸಿ. ಟೈಟಲ್ ಕಾರ್ಡಿನಲ್ಲೂ ಪೋಸ್ಟರಿನಲ್ಲೂ ನಿಮ್ಮ ಹೆಸರು ಇರಬೇಕೆಂದು ಬರೆಸಿ.

ಲಾಭದಲ್ಲಿ ಪಾಲು ಕೊಡುತ್ತೇವೆ ಅಂದರೆ ಬೇಡ ಅನ್ನಿ, ಶೂಟಿಂಗಿಗೆ ಮುಂಚೆ ಪೂರ್ತಿ ಮೊತ್ತ ಕೇಳಿ. ಲಾಭ ಬಂತು ಅಂತ ಒಪ್ಪಿಕೊಂಡ ನಿರ್ಮಾಪಕರನ್ನು ನಾನಿನ್ನೂ ನೋಡಿಲ್ಲ.