ಒಂದು ಭೂಕಂಪದ ಬೆನ್ನಿಗೇ ಇನ್ನೊಂದು ಯಾಕೆ?

ಪ್ರಶ್ನೆ: ಒಂದು ಕಡೆ ದೊಡ್ಡ ಭೂಕಂಪ ಆದರೆ, ಅದೇ ವಾರ ಬೇರೆ ಕಡೆಯಿಂದಲೂ ಸುದ್ದಿ ಬರುತ್ತದೆ. ಭೂಕಂಪಗಳು ನಿಜವಾಗಿಯೂ ಗುಂಪಾಗಿ ಬರುತ್ತವಾ, ಇಲ್ಲಾ ನಮಗೆ ಸುಮ್ನೆ ಹಾಗನ್ನಿಸುತ್ತಾ?

ಉತ್ತರ: ಎರಡೂ ಇದೆ. ಅಕ್ಕಪಕ್ಕದಲ್ಲೇ ಆಗುವ ಗುಂಪು ನಿಜ. ದೂರ ದೂರದ್ದು ಬಹುಪಾಲು ಕಾಕತಾಳೀಯ.

ನೆಲದಡಿಯ ಬಿರುಕಿನ ಒಂದು ಭಾಗ ಜಾರಿದರೆ, ಅಲ್ಲಿದ್ದ ಒತ್ತಡ ಸುತ್ತಲಿನ ಬಂಡೆಗಳ ಮೇಲೆ ಬೀಳುತ್ತದೆ. ಜಾರಲು ತುದಿಗಾಲಲ್ಲಿ ನಿಂತಿದ್ದವು ಆಗ ಜಾರುತ್ತವೆ. ಇವೇ ಪಶ್ಚಾತ್ ಕಂಪನಗಳು. ಜಪಾನಿನ ಫುಸಾಕಿಚಿ ಒಮೋರಿ 1891ರ ನೋಬಿ ಭೂಕಂಪದ ನಂತರದ ಕಂಪನಗಳನ್ನು ನೋಡಿ, 1894ರಲ್ಲಿ ಒಂದು ಲೆಕ್ಕ ಕೊಟ್ಟರು. ಮೊದಲ ದಿನ 100 ಕಂಪನ ಆದರೆ ಹತ್ತನೇ ದಿನ ಸುಮಾರು 10, ನೂರನೇ ದಿನ ಒಂದು. ಇಂದಿಗೂ ಹೆಚ್ಚುಕಮ್ಮಿ ಇದೇ ಲೆಕ್ಕ ನಡೆಯುತ್ತದೆ.

ಇಲ್ಲೇ ಜನ ಎಡವುವುದು. ದಿನ ಕಳೆದಂತೆ ಇಳಿಯುವುದು ಕಂಪನಗಳ ಸಂಖ್ಯೆ, ಅವುಗಳ ಗಾತ್ರ ಅಲ್ಲ. ನ್ಯೂಜಿಲೆಂಡಿನಲ್ಲಿ 2010ರ ಸೆಪ್ಟೆಂಬರ್‌ನಲ್ಲಿ 7.1 ಗಾತ್ರದ ಭೂಕಂಪ ಆಯಿತು. ಅದರಿಂದ ಪ್ರಾಣಹಾನಿ ಹೆಚ್ಚೇನೂ ಆಗಲಿಲ್ಲ. ಐದು ತಿಂಗಳು ಕಳೆದ ಮೇಲೆ, 2011ರ ಫೆಬ್ರವರಿಯಲ್ಲಿ, ಅದೇ ಸರಣಿಯ, ಮೊದಲಿನದಕ್ಕಿಂತ ಚಿಕ್ಕ ಕಂಪನವೊಂದು ಕ್ರೈಸ್ಟ್‌ಚರ್ಚ್ ನಗರದ ಬುಡದಲ್ಲೇ ಆಗಿ 185 ಜನ ಸತ್ತರು.

ಉಲ್ಟಾ ಕ್ರಮವೂ ಉಂಟು. ಜಪಾನಿನ ಕಡಲಲ್ಲಿ 2011ರ ಮಾರ್ಚ್ 9ಕ್ಕೆ 7ಕ್ಕೂ ಮೀರಿದ ಭೂಕಂಪ ಆಯಿತು. ಅದೇ ದೊಡ್ಡದು ಅಂದುಕೊಳ್ಳುವಷ್ಟರಲ್ಲಿ, 11ರಂದು 9 ಗಾತ್ರದ್ದು ಬಂತು. ಮೊದಲನೆಯದು ಮುನ್ಸೂಚನೆ ಅಂತ ಗೊತ್ತಾಗಿದ್ದು ಎರಡನೆಯದು ಬಂದ ಮೇಲೆಯೇ. ಭೂಕಂಪ ಆದ ಹೊತ್ತಿಗೇ ಅದರ ಅಲೆಗಳನ್ನು ನೋಡಿ, ಇದು ಮುನ್ಸೂಚನೆಯೋ ಅಲ್ಲವೋ ಅಂತ ಹೇಳುವ ಉಪಾಯ ಯಾರ ಬಳಿಯೂ ಇಲ್ಲ.

ಇನ್ನು ದೂರದ ಗುಂಪು. ಜಗತ್ತಿನಲ್ಲಿ ವರ್ಷಕ್ಕೆ ಸರಾಸರಿ 15ರಷ್ಟು ಭೂಕಂಪಗಳು 7 ದಾಟುತ್ತವೆ. ಅಂದರೆ ಸುಮಾರು 24 ದಿನಕ್ಕೊಂದು. ಒಂದಕ್ಕೊಂದು ಸಂಬಂಧವೇ ಇಲ್ಲದೆ ಬಂದರೂ, ನಾಲ್ಕರಲ್ಲಿ ಒಂದರ ಬೆನ್ನಿಗೆ ವಾರದೊಳಗೆ ಇನ್ನೊಂದು ಬರಲೇಬೇಕು. ಸಂಭವನೀಯತೆಯ ಲೆಕ್ಕವೇ ಹಾಗಿದೆ. ಸಮ ಅಂತರದಲ್ಲಿ ಬಂದಿದ್ದರೇ ಅನುಮಾನ ಪಡಬೇಕಿತ್ತು, ಅಲ್ವಾ? ಪಶ್ಚಾತ್ ಕಂಪನಗಳನ್ನು ತೆಗೆದರೆ ದಕ್ಷಿಣ ಕ್ಯಾಲಿಫೋರ್ನಿಯಾದ ಭೂಕಂಪಗಳು ಹೀಗೇ ಯದ್ವಾತದ್ವಾ ಬರುತ್ತವೆಯೇ ಎಂದು ವಿಜ್ಞಾನಿಗಳಾದ ಗಾರ್ಡನರ್ ಮತ್ತು ನೊಪಾಫ್ 1974ರ ಒಂದು ಪ್ರಬಂಧದಲ್ಲಿ ಕೇಳಿದ್ದರು. ಆ ಪ್ರಬಂಧದ ಸಾರಾಂಶ ಒಂದೇ ಪದ: 'ಹೌದು'.

ಅಪವಾದವಿದೆ. 1992ರಲ್ಲಿ ಕ್ಯಾಲಿಫೋರ್ನಿಯಾದ ಲ್ಯಾಂಡರ್ಸ್ ಭೂಕಂಪದ ಅಲೆಗಳು ಸಾವಿರ ಕಿಲೋಮೀಟರಿಗೂ ಆಚೆಯ ಯೆಲ್ಲೋಸ್ಟೋನ್‌ನಲ್ಲಿ ಕಂಪನ ಎಬ್ಬಿಸಿದವು. ಆದರೆ ಅವೆಲ್ಲ ಸಣ್ಣವು.